ಸಸಿ ಬಾಡುವ ಮುಂಚೆ

“ಇನ್ನೊಂದೇ ವಿಡಿಯೋ ಚಿಕ್ಕಪ್ಪ, ನೋಡ್ಕಂಡು ಇಳಿತೀನಿ,” ಎಂದಳು ಇಂಚರ, ಫೋನಿನಿಂದ ಕಣ್ಣು ತೆಗೆಯದೆ. ಬದುವಿನ ಕೆಳಗೆ ಅವರ ಮನೆಯ ಗದ್ದೆಯ ಉಳುಮೆ ಅರ್ಧವಷ್ಟೇ ಆಗಿತ್ತು. ಟಿಲ್ಲರ್ ಓಡಿಸಿ ಉಳುತ್ತಿದ್ದ ನಂದೀಶ ಚಳಿಜ್ವರ ಬಂದು ಮನೆಗೆ ಹೋಗಿದ್ದ. ಟಿಲ್ಲರ್ ಕೆಸರಿನಲ್ಲಿ ಗುಡುಗುಡು ಎನ್ನುತ್ತ ನಿಂತಿತ್ತು. ಡಿಗ್ರಿ ಓದುವ ಇಂಚರ ಬೇಸಿಗೆಯಿಂದಲೂ ಟಿಲ್ಲರ್ ಓಡಿಸುವ ವಿಡಿಯೋಗಳನ್ನೇ ಕೂಡಿಡುತ್ತಿದ್ದಳು. ಒಂದರಲ್ಲಿ ಒಬ್ಬಳು ಟಿಲ್ಲರ್ ಸಮೇತ ಮಗುಚಿ ಬಿದ್ದಿದ್ದಳು. ಅದರ ಕೆಳಗಿದ್ದ ಗೇಲಿಯನ್ನೆಲ್ಲ ಓದಿದ ಮೇಲೆ ಇವಳಿಗೆ ಟಿಲ್ಲರಿನ ಹಿಡಿ ಮುಟ್ಟಲೂ ಧೈರ್ಯ ಬಂದಿರಲಿಲ್ಲ.

ನಾಟಿಗೆ ಬಂದಿದ್ದ ಹೆಂಗಸರು ಕಿತ್ತ ಸಸಿಯ ಕಟ್ಟುಗಳ ಪಕ್ಕ ಕಾದು ಕೂತಿದ್ದರು. ಅವರಲ್ಲಿ ಹಿರಿಯರಾದ ವಿಶಾಲಾಕ್ಷಮ್ಮ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದರು. “ಸಸಿ ಬಾಡ್ತಾವೆ ಕಣವ್ವ. ನಾಳೆಯಿಂದ ನಮ್ಗೆ ಕೊಡ್ಲಿಪೇಟೆಲಿ ನಾಟಿ ಐತೆ, ಈ ಕಡೆ ಬರಕ್ಕಾಗಲ್ಲ.”

ಕೊಡೆ ಹಿಡಿದು ನಿಂತಿದ್ದ ಚಿಕ್ಕಪ್ಪ ಜಯಪ್ಪ ನಕ್ಕರು. ಅವರೂ ಜನ್ಮದಲ್ಲಿ ಟಿಲ್ಲರ್ ಮುಟ್ಟಿದವರಲ್ಲ. “ಸುಮ್ನಿರು ಮಗ, ಹೆಣ್ಮಕ್ಕಳು ಹೊಡೆಯೋ ಗಾಡಿನಾ ಅದು? ನೀನು ಬಿದ್ರೆ ನಾನೇ ವಿಡಿಯೋ ತೆಗ್ದು ಗ್ರೂಪಿಗೆ ಹಾಕ್ತೀನಿ ನೋಡು.”

ಇಂಚರ ತಲೆ ಎತ್ತಿದಳು. ಚಪ್ಪಲಿ ಬಿಟ್ಟಳು. ಚಿಕ್ಕಪ್ಪನ ಕೈಗೆ ತನ್ನ ಫೋನನ್ನೇ ತುರುಕಿದಳು. “ಇದ್ರಲ್ಲೇ ತೆಗೀರಿ, ಕ್ಯಾಮೆರಾ ಚೆನ್ನಾಗೈತೆ. ಬಿದ್ರೆ ಬಿದ್ದಿದ್ದೇ ಹಾಕಿ.” ಮೊಣಕಾಲುದ್ದ ಕೆಸರಿಗೆ ಇಳಿದು, ಎರಡೂ ಹಿಡಿ ಬಿಗಿಹಿಡಿದು ಕ್ಲಚ್ ಬಿಟ್ಟಳು. ಟಿಲ್ಲರ್ ಅವಳನ್ನು ಜಗ್ಗಿತು. ಅವಳೂ ಅದನ್ನು ಜಗ್ಗಿದಳು. ಅವಳು ಉತ್ತ ಮೊದಲ ಸಾಲು ಸೊಟ್ಟಗಿತ್ತು. ವಿಶಾಲಾಕ್ಷಮ್ಮ ಸಸಿಯ ಕಟ್ಟೊಂದನ್ನು ಎತ್ತಿ ಆ ಸೊಟ್ಟ ಸಾಲಿಗೇ ಎಸೆದರು.