ಬೇಸಿಗೆಯಲ್ಲಿ ಉಣ್ಣೆ ಟೋಪಿ

ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಉಣ್ಣೆ ಟೋಪಿ ಹಾಕ್ಕೊಂಡು ಓಡಾಡೋ ಮಗುವನ್ನ ನೀವು ನೋಡಿದೀರಾ?

ನಮ್ಮ ಮನೇಲಿ ಒಂದಿತ್ತು... ನನ್ನ ಐದು ವರ್ಷದ ಮಗಳು ಪ್ರಣತಿ.

ನಂದು ಫ್ಯಾನು, ಮೋಟಾರು ವೈಂಡಿಂಗ್ ಮಾಡೋ ಸಣ್ಣ ಅಂಗಡಿ. ಬೇಸಿಗೆ ಬಂತು ಅಂದ್ರೆ ನೀರು ಕುಡಿಯೋಕೂ ಪುರುಸೊತ್ತಿರಲ್ಲ.

ಆ ವರ್ಷ ಯುಗಾದಿ ಕಳೆದ ವಾರಕ್ಕೇ ನನ್ನ ಹೆಂಡತಿ ಶೈಲಾಗೆ ಎರಡನೇ ಹೆರಿಗೆ ಆಯ್ತು. ಗಂಡು ಮಗು. ಬಾಣಂತನ ಮಾಡೋಕೆ ಹರಿಹರದಿಂದ ನಮ್ಮತ್ತೆ ಬಂದ್ರು.

ಅತ್ತೆ ಬಂದ ಮೇಲೆ ಒಳಕೋಣೆಯ ಕಾನೂನೇ ಬೇರೆ ಆಯ್ತು. ಕೈ ತೊಳೆದೇ ಒಳಗೆ ಬರಬೇಕು, ಕಿಟಕಿ ಬಂದ್, ಫ್ಯಾನ್ ಬಂದ್... ಊರಿನ ಫ್ಯಾನೆಲ್ಲ ರಿಪೇರಿ ಮಾಡೋ ನನ್ನ ಮನೆಯ ಫ್ಯಾನ್ ತಿರುಗೋ ಹಾಗಿಲ್ಲ.

ಥಂಡಿ ಆಗಬಾರದು ಅಂತ ಶೈಲಾ ಕಿವಿ ಮುಚ್ಚಿ ಸ್ಕಾರ್ಫ್ ಕಟ್ಟಬೇಕು. ಕೂಸಿಗೆ ಕುಲಾವಿ. ಅತ್ತೆ ಕೂಡ ಸೆರಗನ್ನ ತಲೆ ಸುತ್ತ ಬಿಗಿದುಕೊಂಡೇ ಇರ್ತಿದ್ರು.

ಪ್ರಣತಿಗೆ ಆಗ ಸ್ವಲ್ಪ ಕೆಮ್ಮಿತ್ತು. ಅದಕ್ಕೆ ಅವಳ ಹಾಸಿಗೆ ಹಾಲ್‌ಗೆ ಬಂತು, ನನ್ನ ಪಕ್ಕಕ್ಕೆ. ಹುಟ್ಟಿದಾಗಿನಿಂದ ಅಮ್ಮನ ಮಗ್ಗುಲಲ್ಲೇ ಮಲಗಿದ ಮಗು... ತಾನೇ ದಿಂಬು ಎತ್ಕೊಂಡು ಬಂದ್ಲು.

ಒಂದು ವಾರ ಆಗಿರಬೇಕು. ಹಾಲ್‌ನಲ್ಲಿದ್ದ ಬೀರುವಿನ ತಳದಿಂದ ಚಳಿಗಾಲದ ಟೋಪಿ ಹುಡುಕಿ ತೆಗೆದು ಹಾಕ್ಕೊಂಡ್ಲು.

ಮೊದಲ ದಿನ ಎಲ್ಲರೂ ನಕ್ವಿ. ಪಕ್ಕದ ಮನೆ ಗಿರಿಜಕ್ಕ ಕಾಂಪೌಂಡ್ ಮೇಲಿಂದ ಬಗ್ಗಿ, ಏನವ್ವಾ, ಬಾಣಂತಿ ನಿಮ್ಮಮ್ಮನೋ ನೀನೋ ಅಂತ ಕಾಡಿಸಿದ್ರು. ಪ್ರಣತಿ ನಗಲಿಲ್ಲ.

ಎರಡನೇ ದಿನವೂ ಟೋಪಿ... ಮೂರನೇ ದಿನವೂ ಟೋಪಿ...

ಐಸ್‌ಕ್ಯಾಂಡಿ ಆಸೆ ತೋರಿಸಿದೆ. ಟೋಪಿ ಹಾಕ್ಕೊಂಡೇ ತಿಂದ್ಲು.

ಕಿವಿ ನೋವಿರಬಹುದು ಅಂತ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಅವರು ಟಾರ್ಚ್ ಹಾಕಿ ನೋಡಿ, ಕಿವಿಗೇನೂ ಆಗಿಲ್ಲ ಕಣ್ರೀ, ಮೊದಲು ಟೋಪಿ ತೆಗೀರಿ, ಮಗು ಬೆಂದು ಹೋಗುತ್ತೆ ಅಂತ ನನ್ನನ್ನೇ ಬೈದ್ರು.

ನಿಜ... ಹಣೆ ತುಂಬ, ಕತ್ತಿನ ಸುತ್ತ ಬೆವರುಸಾಲೆ ಎದ್ದಿತ್ತು. ಆದ್ರೂ ಟೋಪಿಗೆ ಕೈ ಹಾಕಿದ್ರೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡ್ಕೋತಿದ್ಲು. ಯಾಕೆ ಅಂದ್ರೆ ಇನ್ನಷ್ಟು ಕೆಳಗೆ ಎಳ್ಕೊಳ್ತಿದ್ಲು.

ಕಾಯಿಲ್ ಸುತ್ತುವಾಗಲೂ ನನ್ನ ತಲೇಲಿ ಅದೇ... ಈ ಮಗೂಗೆ ಏನಾಗಿದೆ?

ಒಂದು ಮಧ್ಯಾಹ್ನ ಕರೆಂಟ್ ಹೋಯ್ತು. ಅಂಗಡಿ ಮುಚ್ಚಿ ಊಟಕ್ಕೆ ಬಂದೆ.

ಅತ್ತೆ ತಾರಸಿ ಮೇಲೆ ಕೂಸಿನ ಬಟ್ಟೆ ಒಣಗಿಸ್ತಿದ್ರು. ಒಳಕೋಣೆಯ ಪರದೆ ಮುಂದೆ ಪ್ರಣತಿ ಚಕ್ಕಳಮಕ್ಕಳ ಹಾಕಿ ಕೂತಿದ್ಲು. ಟೋಪಿ ಕಿವಿ ಕೆಳಗಿನವರೆಗೂ ಎಳೆದಿದ್ಲು. ಆಗಷ್ಟೇ ತೊಳೆದ ಕೈಗಳಿಂದ ನೀರು ತೊಟ್ಟಿಕ್ತಿತ್ತು.

ನಾನೂ ಪಕ್ಕದಲ್ಲಿ ಕೂತೆ. ಏನ್ ಮಾಡ್ತಿದೀಯ ಪುಟ್ಟಿ ಅಂದೆ.

"ಕಾಯ್ತಿದೀನಿ... ಅಜ್ಜಿ ಒಳಗೆ ಕರೀಲಿ ಅಂತ."

ಅದಕ್ಕೂ ಟೋಪಿಗೂ ಏನಮ್ಮ ಸಂಬಂಧ ಅಂತ ಕೇಳಿದೆ. ಅಪ್ಪನಿಗೆ ಇಷ್ಟೂ ಗೊತ್ತಿಲ್ವಲ್ಲ ಅನ್ನೋ ಹಾಗೆ ನೋಡಿದ್ಲು.

"ಒಳಗಿರೋರೆಲ್ಲ ಕಿವಿ ಕಟ್ಕೊಂಡಿದಾರಲ್ಲಪ್ಪಾ. ಅಮ್ಮ, ಪಾಪು, ಅಜ್ಜಿ... ನೀನು ಕಟ್ಟಲ್ಲ, ಅದಕ್ಕೇ ಹಾಲ್‌ನಲ್ಲಿ ಮಲಗ್ತೀಯ."

ನನಗೆ ನಗು ಬಂತು. ಆದ್ರೆ ಅವಳು ಇನ್ನೂ ಮುಗಿಸಿರಲಿಲ್ಲ.

"ಕೆಮ್ಮು ಹೋಗೋವರೆಗೂ ಒಳಗೆ ಬರಬೇಡ ಅಂದಿದ್ರು... ಕೆಮ್ಮು ಹೋಗಿ ಬಹಳ ದಿನ ಆಯ್ತಪ್ಪಾ. ಯಾರೂ ಕೇಳ್ಲೇ ಇಲ್ಲ."

ಲೆಕ್ಕ ಹಾಕಿದೆ. ಕೆಮ್ಮು ನಾಲ್ಕೇ ದಿನಕ್ಕೆ ಹೋಗಿತ್ತು. ಅವಳ ಹಾಸಿಗೆ ಹೊರಗೆ ಬಂದು ಅವತ್ತಿಗೆ ಇಪ್ಪತ್ತೆರಡು ದಿನ... ಮಗು ಹೊಸ್ತಿಲು ದಾಟಿರಲಿಲ್ಲ.

ಕೂಸಿನ ಸ್ನಾನ, ಖಾರದ ಉಂಡೆ, ಬಿಸಿನೀರು ಅಂತ ಅತ್ತೆ ಮರೆತಿದ್ರು. ಮಗಳು ಆಟದಲ್ಲಿದಾಳೆ ಅಂದ್ಕೊಂಡು ನಾನು ಸುಮ್ಮನಿದ್ದೆ.

ಶೈಲಾ? ಪರದೆ ಆಚೆಯಿಂದ ಅವಳ ಬಿಕ್ಕು ಕೇಳಿಸ್ತು. ಎಲ್ಲ ಕೇಳಿಸ್ಕೊಂಡಿದ್ಲು.

ಆಮೇಲೆ ಹೇಳಿದ್ಲು... ತಮ್ಮ ಬಂದ ಅಂತ ಮಗಳು ನನ್ನ ಮೇಲೆ ಮುನಿಸಿಕೊಂಡಿದಾಳೆ, ತಾನಾಗೇ ಬರಲಿ ಅಂತ ನಾನೂ ದಿನಾ ಕಾಯ್ತಿದ್ದೆ ಅಂತ.

ಒಂದು ಪರದೆ... ಆ ಕಡೆ ಅಮ್ಮ, ಈ ಕಡೆ ಮಗಳು. ಇಬ್ಬರೂ ಕಾಯ್ತಿದ್ರು.

ಅಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು ಬಂದ್ರು. ನಾನು ವಿಷಯ ಹೇಳಿದೆ. ಕೈಯಲ್ಲಿದ್ದ ಬಟ್ಟೆ ಬಕೆಟ್ ಅಲ್ಲೇ ಇಟ್ಟು, ಮೊಮ್ಮಗಳ ಮುಂದೆ ಮಂಡಿಯೂರಿ ಕೂತ್ರು.

"ನಾನೇ ಮರೆತ್ನಲ್ಲೇ ನನ್ನವ್ವಾ..."

ಒದ್ದೆಯಾಗಿದ್ದ ಟೋಪಿಯನ್ನ ತಾವೇ ನಿಧಾನಕ್ಕೆ ಬಿಚ್ಚಿದ್ರು. ಈ ಸಲ ಪ್ರಣತಿ ಹಿಡ್ಕೊಳ್ಳಲಿಲ್ಲ. ಸೆರಗಿನಿಂದ ಹಣೆ ಒರೆಸಿ, ಪರದೆ ಸರಿಸಿ, ಬಾ ಅಂದ್ರು.

ಓಡಿ ಹೋಗ್ತಾಳೆ ಅಂದ್ಕೊಂಡಿದ್ದೆ. ಇಲ್ಲ... ಸದ್ದು ಮಾಡದೆ ಒಂದೊಂದೇ ಹೆಜ್ಜೆ ಇಟ್ಲು. ಶೈಲಾ ಕೈ ಚಾಚಿ ಎದೆಗೆ ಎಳ್ಕೊಂಡ್ಲು. ಬಹಳ ಹೊತ್ತು ಇಬ್ಬರೂ ಬಿಡಲಿಲ್ಲ.

ಆಮೇಲೆ ಪ್ರಣತಿ ಅಮ್ಮನ ಮಗ್ಗುಲಿನಿಂದ ಬಗ್ಗಿ, ತಮ್ಮನ ಮುಖದ ಹತ್ರ ಬಂದು, ತುಂಬ ಮೆಲ್ಲಗೆ ಹೇಳಿದ್ಲು...

"ನಾನು ನಿನ್ನ ಅಕ್ಕ ಕಣೋ. ಇಷ್ಟು ದಿನ ಹೊರಗಿದ್ದೆ."

•

ದೊಡ್ಡವರು ಹೇಳಿದ "ಬರಬೇಡ" ಅನ್ನೋ ಮಾತನ್ನ ಮಕ್ಕಳು ಮರೆಯೋದಿಲ್ಲ... "ಈಗ ಬಾ" ಅನ್ನೋದನ್ನ ಮರೆಯೋರು ನಾವು.

ನಿಮ್ಮ ಮನೆಯ ಪರದೆ ಆಚೆ, ಆ ಒಂದು ಮಾತಿಗೆ ಯಾರಾದ್ರೂ ಕಾಯ್ತಿದಾರಾ?