ಕೊನೆಯ ಬಸುರಿ ಮೋಡ

ಎರಡು ಗ್ಯಾಲಕ್ಸಿಗಳು ಢಿಕ್ಕಿ ಹೊಡೆದು ಮೊಟ್ಟೆಯಾಕಾರದ ಒಂದೇ ಗ್ಯಾಲಕ್ಸಿಯಾದ ಮೇಲೆ ನಕ್ಷತ್ರ ಕಟ್ಟುವ ತಣ್ಣನೆಯ ಅನಿಲವೆಲ್ಲ ಕಾದುಹೋಗಿ ನಕ್ಷತ್ರ ಹುಟ್ಟುವುದೇ ನಿಂತಿತ್ತು. ಗುಚ್ಛಗಟ್ಟಲೆ ನಕ್ಷತ್ರಗಳ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಗುರಸಿದ್ದವ್ವನ ಹೆರಿಗೆ ಕೋಣೆಯಲ್ಲಿ ಉಳಿದದ್ದು ತಣ್ಣಗಿನ ಒಂದೇ ಒಂದು ಅನಿಲದ ಮೋಡ, ಅದೂ ತುಂಬು ಬಸುರಿ.

ಇಂಥ ಹೊತ್ತಿನಲ್ಲಿ ಗ್ಯಾಲಕ್ಸಿಯ ನಿವಾಸಿಗಳ ಸಂಘದ ಅಧ್ಯಕ್ಷ ಚನ್ನವೀರಪ್ಪ ಆಕೆಯನ್ನು ಸನ್ಮಾನಿಸಲು ಶಾಲು, ಹಾರ, ಜನ ಸಮೇತ ಒಳನುಗ್ಗಿದ. ಬಂದವನೇ ಮೋಡದ ಪಕ್ಕದಲ್ಲೇ ಆಳೆತ್ತರದ ದೀಪ ಬೆಳಗಿದ. ಮೋಡ ಬಿಸಿಯಾಗಿ ಚದುರತೊಡಗಿತು.

"ದೀಪ ಆರಿಸ್ರೋ! ಕಾವು ತಗಲಿದ್ರ ಬಸುರು ಕರಗ್ತದ!" ಗುರಸಿದ್ದವ್ವ ಚೀರಿದಳು.

"ಯವ್ವಾ, ಉದ್ಘಾಟನಿ ದೀಪ ಅದು. ಆರಿಸಿದ್ರ ಅಪಶಕುನ," ಎಂದ ಅಧ್ಯಕ್ಷ.

ಆಕೆ ಅವನ ಕೈಲಿದ್ದ ಶಾಲು ಕಿತ್ತು ದೀಪದ ಮೇಲೆ ಬಡಿದು ಆರಿಸಿದಳು.

"ಅಯ್ಯೋ, ಕತ್ತಲಾತಲ್ಲ!" ಎಂದ ಚನ್ನವೀರಪ್ಪ.

"ನಿಮ್ಮ ಬೆಳಕು ಯಾರಿಗೆ ಬೇಕಾಗೇದ? ಬೆಳಕು ಹುಟ್ಟೂ ಮನಿ ಇದು. ನಡೀರಿ ಹೊರಗ!"