ನಾಲ್ಕನೆಯ ಸೀಸೆ

"ಕಣ್ಣು ಮುಚ್ಚಮ್ಮ. ಕದ್ದು ನೋಡೋ ಹಾಗಿಲ್ಲ," ಎನ್ನುತ್ತ ಮಗಳು ಮೊದಲ ಸೀಸೆಯ ಮುಚ್ಚಳ ತಿರುಗಿಸಿದಳು.

"ಆಯ್ತು ಡಾಕ್ಟರಮ್ಮ." ಅಮ್ಮ ಒದ್ದೆ ಕೈ ಒರೆಸಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕುಳಿತಳು. ಒಲೆಯ ಮೇಲೆ ನೀರು ಕಾಯುತ್ತಿತ್ತು. ಮೇಜಿನ ಮೇಲೆ ಕಂದು ಬಣ್ಣದ ನಾಲ್ಕು ಪುಟ್ಟ ಸೀಸೆಗಳು: ಗುಲಾಬಿ, ನಿಂಬೆ, ನೀಲಗಿರಿ, ಲವಂಗ. ಐದು ತಿಂಗಳ ಹಿಂದೆ ಬಂದ ವೈರಸ್ ಜ್ವರ ನಾಲ್ಕೇ ದಿನಕ್ಕೆ ಇಳಿದಿತ್ತು. ಆದರೆ ಹೋಗುವಾಗ ಲೋಕದ ವಾಸನೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿತ್ತು. ಮೂಗಿಗೆ ಮತ್ತೆ ಒಂದನೇ ತರಗತಿಯಿಂದ ಪಾಠ ಶುರುಮಾಡಬೇಕು ಎಂದಿದ್ದರು ಡಾಕ್ಟರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಂದೊಂದು ಸೀಸೆಗೂ ಇಪ್ಪತ್ತು ಎಣಿಸುವಷ್ಟು ಹೊತ್ತು. ಮೂಸುವಾಗ ಆ ವಾಸನೆಯ ಹಳೆಯ ನೆನಪೊಂದನ್ನು ಮನಸ್ಸಿಗೆ ತಂದುಕೊಳ್ಳಬೇಕು. "ತಿಂಗಳುಗಟ್ಟಲೆ ಹಿಡೀಬಹುದು. ಬೇಜಾರಾಗಿ ಬಿಟ್ಟುಬಿಡಬೇಡಿ."

ಬಿಡುವಂತೆಯೂ ಇರಲಿಲ್ಲ. ಮನೆಯಲ್ಲಿ ಇರುವವರು ಇಬ್ಬರೇ. ಇಬ್ಬರ ಹೊಟ್ಟೆಯೂ ಆ ಒಂದು ಮೂಗಿನ ಮೇಲೆ ನಿಂತಿತ್ತು. ಹಾಲಿನ ಡೇರಿಯ ಬಾಗಿಲಲ್ಲಿ ಎತ್ತರದ ಸ್ಟೂಲಿನ ಮೇಲೆ ಕುಳಿತು, ಬಂದ ಪ್ರತಿ ಕ್ಯಾನಿನ ಮುಚ್ಚಳ ತೆಗೆದು ಮೂಸಿ, ಕೆಡತೊಡಗಿದ ಹಾಲನ್ನು ಪಕ್ಕಕ್ಕೆ ಸರಿಸುವುದು ಅಮ್ಮನ ಕೆಲಸ. "ಕಂಡಕಂಡಲ್ಲಿ ಮೂಗು ತೂರಿಸೋದಕ್ಕೇ ನನಗೆ ಸಂಬಳ" ಎಂದು ನಗುತ್ತಿದ್ದಳು. ಈಗ ಡೇರಿಯ ಹಿತ್ತಲಲ್ಲಿ ಕ್ಯಾನು ತೊಳೆಯುತ್ತಾಳೆ. ಮೇಲ್ವಿಚಾರಕ ಕೆಟ್ಟವನಲ್ಲ. ಆದರೂ ಹೋದ ವಾರ ಮನೆ ಬಾಗಿಲಿಗೇ ಬಂದು ಹೇಳಿದ್ದ: "ನಿಮ್ಮ ಮೂಗಿನ ರಜೆ ಯಾವತ್ತು ಮುಗಿಯೋದು ಅಕ್ಕ? ಈ ತಿಂಗಳು ಕಾಯ್ತೀನಿ. ಆಮೇಲೆ ಸ್ಟೂಲಿನ ಮೇಲೆ ಬೇರೆಯವರನ್ನ ಕೂರಿಸಲೇಬೇಕು."

ಮಗಳ ಹೊಟ್ಟೆಯಲ್ಲಿ ಒಂದು ಗುಟ್ಟಿತ್ತು. ಇಪ್ಪತ್ತಾರು ದಿನಗಳ ಹಿಂದೆ ಅವಳ ಮೊಣಕೈ ತಾಗಿ ಲವಂಗದ ಸೀಸೆ ನೆಲಕ್ಕೆ ಬಿದ್ದು ಚೂರಾಗಿತ್ತು. ಔಷಧಿ ಅಂಗಡಿಯವರು ಕೊಟ್ಟಿದ್ದ ಖಾಲಿ ಸೀಸೆಯೊಂದು ಉಳಿದಿತ್ತು. ಅದಕ್ಕೆ ಹತ್ತಿ ತುರುಕಿ, ನಲ್ಲಿ ನೀರು ಹನಿಸಿ ಜಾಗದಲ್ಲಿ ಇಟ್ಟುಬಿಟ್ಟಳು. ಅಡುಗೆಮನೆ ಎರಡು ದಿನ ಲವಂಗದಿಂದ ಗಮ್ಮೆನ್ನುತ್ತಿತ್ತು. ಅಮ್ಮ ಅದರ ನಡುವೆಯೇ ನಿಂತು ಪಾತ್ರೆ ತೊಳೆದಳು, ಬಟ್ಟೆ ಮಡಚಿದಳು, ತಲೆ ಎತ್ತಿ ನೋಡಲಿಲ್ಲ. ಸೀಸೆ ಒಡೆದ ಸಂಜೆಯೇ ನೀರಿನ ಸೀಸೆ ಮೂಸಿ, "ಹಾಂ, ಅಜ್ಜಿಯ ಹಲ್ಲುನೋವು! ದವಡೆಯಲ್ಲಿ ಲವಂಗ ಇಟ್ಕೊಂಡು ಕೂರ್ತಿದ್ರಲ್ಲ, ಅದೇ. ಸ್ವಲ್ಪ ಬಂತು ಕಣೇ," ಎಂದಳು.

ಅಮ್ಮನೂ ಸುಳ್ಳು ಹೇಳುತ್ತಾಳೆಂದು ಮಗಳಿಗೆ ಅಂದು ಗೊತ್ತಾಯಿತು. ತನ್ನ ಸುಳ್ಳು ಒಪ್ಪಿಕೊಂಡರೆ ಅಮ್ಮನದೂ ಬಯಲಾಗುತ್ತದೆ. ಹಾಗಾಗಿ ದಿನಕ್ಕೆ ಎರಡು ಸಲ ನೀರು ಮೂಸಿಸಿ, "ಸ್ವಲ್ಪ ಬಂತು" ಎಂದು ಕೇಳಿಸಿಕೊಂಡು, ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬಂದಳು.

ಈ ದಿನ ಗುಲಾಬಿಗೆ ಇಪ್ಪತ್ತು ಎಣಿಸಿ ಮುಗಿದರೂ ಅಮ್ಮ ಸೀಸೆಯಿಂದ ಮುಖ ತೆಗೆಯಲಿಲ್ಲ.

"ಆಯ್ತಮ್ಮ."

"ಇನ್ನೊಂದೈದು ಎಣಿಸು."

ನಿಂಬೆಗೂ ಮಾತಿಲ್ಲ. ನೀಲಗಿರಿಗೂ ಮಾತಿಲ್ಲ. ಅಮ್ಮನ ಬೆರಳುಗಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಸುಳ್ಳು ಹೇಳುವುದಕ್ಕೂ ಅಮ್ಮನಿಗೆ ಬೇಸರ ಬಂತು, ಇನ್ನು ಮುಗಿಯಿತು ಎಂದುಕೊಂಡಳು ಮಗಳು. ನಾಲ್ಕನೆಯ ಸೀಸೆಯ ಮುಚ್ಚಳ ತಿರುಗಿಸಿ ಮುಂದೆ ಹಿಡಿದಳು.

ಅಮ್ಮ ಮೂಸಿದಳು. ಹುಬ್ಬು ಗಂಟಿಕ್ಕಿದಳು. ಮತ್ತೆ ಮೂಸಿದಳು.

"ಇಲ್ಲಿ ಅಜ್ಜಿ ಇಲ್ಲವಲ್ಲೇ."

"ಏನಂದೆ?"

"ಇದರಲ್ಲಿ ಏನೂ ಇಲ್ಲ ಕಣೇ. ಖಾಲಿ."

ಮಗಳು ಸೀಸೆ ಕೆಳಗಿಟ್ಟಳು. "ಹಾಗಾದ್ರೆ... ಮಿಕ್ಕ ಮೂರು?"

ಅಮ್ಮ ಕಣ್ಣು ತೆರೆದಳು. ಕಿಟಕಿಯಲ್ಲಿ ಹಕ್ಕಿ ಬಂದು ಕೂತಾಗ ಮಾತಾಡುವಷ್ಟು ಮೆಲ್ಲಗೆ ಹೇಳಿದಳು: "ಇದ್ವು. ತುಂಬಾ ದೂರದಲ್ಲಿ. ಪಕ್ಕದ ಮನೆಯಲ್ಲಿ ಯಾರೋ ಲೋಟ ಕೆಳಗಿಟ್ಟ ಸದ್ದು ಕೇಳುತ್ತಲ್ಲ, ಅಷ್ಟೇ ಅಷ್ಟು. ಬಾಯಿಬಿಟ್ರೆ ಎಲ್ಲಿ ಓಡಿಹೋಗುತ್ತೋ ಅಂತ ಸುಮ್ಮನಿದ್ದೆ."

"ಅಮ್ಮ, ಅದು ನೀರು," ಎಂದಳು ಮಗಳು. ಉಳಿದದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. ಮೊಣಕೈ, ಗಾಜಿನ ಚೂರು, ಖಾಲಿ ಸೀಸೆ, ಇಪ್ಪತ್ತಾರು ದಿನ. "ನೀನೂ ಸುಳ್ಳು ಹೇಳ್ತಿದ್ದೆ!"

"ಹೇಳ್ತಿದ್ದೆ. ಗುರುತು ಹಾಕೋವಾಗ ನಿನ್ನ ಮುಖ ಅರಳ್ತಿತ್ತಲ್ಲೇ, ಪುಟ್ಟಿ."

ಬೈಗುಳಕ್ಕಾಗಿ ಮಗಳು ಕಾದಳು. ಅದು ಬರಲಿಲ್ಲ. ಒಲೆಯ ಮೇಲಿನ ನೀರು ಕುದಿಯುತ್ತಿತ್ತು, ಯಾರೂ ಏಳಲಿಲ್ಲ. ಅಮ್ಮ ಆ ನೀರಿನ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದಳು. ಆಮೇಲೆ ಅದನ್ನು ಮಗಳ ಮೂಗಿಗೆ ಹಿಡಿದಳು.

"ನಿಂಗೂ ಏನೂ ಇಲ್ವಾ?"

"ಚೂರೂ ಇಲ್ಲಮ್ಮ!"